ಬರೀ ಸಹಿಗಲ್ಲ, ಅನಿಮಲ್ ಹೌಸ್‌ಗೂ ಕರೆಯಿರಿ: ಕುಲಪತಿಗಳಿಗೆ ಪಶುವೈದ್ಯೆಯೊಬ್ಬಳ ಬಹಿರಂಗ ಪತ್ರ

ಮಾನ್ಯ ಕುಲಪತಿಗಳೇ,

ನಮಸ್ಕಾರ. ನಾನೊಬ್ಬಳು ಪಶುವೈದ್ಯೆ. ನಮ್ಮೂರಲ್ಲಿ ದನದ ಡಾಕ್ಟರು ಅಂತಾರೆ. ಬೆಳಿಗ್ಗೆ, ಸಂಜೆ ನನ್ನ ಕ್ಲಿನಿಕ್ ನೋಡಿಕೊಳ್ಳುತ್ತೇನೆ. ಜೊತೆಗೆ 12 ವರ್ಷಗಳಿಂದ ಕೆಲವು ಕಾಲೇಜುಗಳ ಪ್ರಾಣಿ ಪ್ರಯೋಗಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗಳಲ್ಲಿ ಸದಸ್ಯೆಯಾಗಿದ್ದೇನೆ. ಈ ಪತ್ರ ಯಾರೋ ಒಬ್ಬ ಕುಲಪತಿಗೆ ಬರೆದದ್ದಲ್ಲ. ಮೆಡಿಕಲ್ ಇರಲಿ, ಫಾರ್ಮಸಿ ಇರಲಿ, ವಿಜ್ಞಾನ ವಿಭಾಗ ಇರಲಿ, ಅನಿಮಲ್ ಹೌಸ್ (ಪ್ರಯೋಗದ ಪ್ರಾಣಿಗಳನ್ನು ಇಡುವ ಜಾಗ) ಇರುವ ಕಾಲೇಜುಗಳು ಯಾರ ಯಾರ ಕೆಳಗೆ ಬರುತ್ತವೋ ಅವರೆಲ್ಲರಿಗೂ ಬರೆದದ್ದು.

ಒಂದು ಮೊಲದ ವಿಷಯದಿಂದ ಶುರು ಮಾಡುತ್ತೇನೆ.

ಅದೊಂದು ಸೋಮವಾರ. ಕಮಿಟಿ ಮೀಟಿಂಗ್‌ಗೆ ಅರ್ಧ ಗಂಟೆ ಮುಂಚೆಯೇ ಕಾಲೇಜು ತಲುಪಿದ್ದೆ. ಅನಿಮಲ್ ಹೌಸ್ ಅಟೆಂಡರ್ ಓಡಿ ಬಂದರು. "ಮೇಡಂ, ಒಂದು ಮೊಲ ಯಾಕೋ ಸರಿಯಿಲ್ಲ, ನೋಡ್ತೀರಾ?" ಅಂದರು. ಹೋಗಿ ನೋಡಿದರೆ ಪಂಜರದ ಮೂಲೆಯಲ್ಲಿ ಮುದುಡಿ ಕೂತಿದೆ. ಕಿವಿ ಬೆನ್ನಿಗೆ ಅಂಟಿದೆ, ಕಣ್ಣು ಅರ್ಧ ಮುಚ್ಚಿದೆ. ಕಿವಿ ಹತ್ತಿರ ಇಟ್ಟು ಕೇಳಿದರೆ ಹಲ್ಲು ಕಡಿಯುವ ಸಣ್ಣ ಸದ್ದು. ಕೆಳಗಿನ ಟ್ರೇಯಲ್ಲಿ ಒಂದು ಹಿಕ್ಕೆಯೂ ಇಲ್ಲ. ಮೊಲ ಸಾಕಿದವರಿಗೆ ಇದರ ಅರ್ಥ ಗೊತ್ತು. ಮೊಲ ತಿನ್ನುವುದು ನಿಲ್ಲಿಸಿದರೆ ಅದರ ಕರುಳೂ ನಿಲ್ಲುತ್ತದೆ. ನೋವು, ಹೆದರಿಕೆ, ಯಾವುದರಿಂದಲೂ ಇದು ಶುರುವಾಗಬಹುದು. ಮೊದಲ ದಿನವೇ ನೋವಿನ ಔಷಧ, ಚರ್ಮದ ಕೆಳಗೆ ಸಲೈನ್, ಸಿರಿಂಜಿನಲ್ಲಿ ತಿಳಿ ಆಹಾರ ಕೊಟ್ಟರೆ ಎಷ್ಟೋ ಮೊಲ ಬದುಕುತ್ತವೆ. ಇದು ತಿನ್ನುವುದು ಬಿಟ್ಟು ಮೂರನೇ ದಿನವಾಗಿತ್ತು. ಮೈ ಆಗಲೇ ತಣ್ಣಗಾಗುತ್ತಿತ್ತು.

ಅಟೆಂಡರ್ ಶನಿವಾರವೇ ಗಮನಿಸಿದ್ದರು. ಆದರೆ ಯಾರಿಗೆ ಹೇಳಬೇಕು? ಪ್ರಯೋಗ ಮಾಡುತ್ತಿದ್ದ ವಿದ್ಯಾರ್ಥಿ ಹಬ್ಬಕ್ಕೆ ಊರಿಗೆ ಹೋಗಿದ್ದ. ಅವನ ಗೈಡ್ ಫೋನ್ ಎತ್ತಲಿಲ್ಲ. ನನ್ನ ನಂಬರ್ ಆಫೀಸಿನ ಫೈಲಿನಲ್ಲಿತ್ತು. ಅನಿಮಲ್ ಹೌಸ್ ಗೋಡೆಯ ಮೇಲೆ ಇರಲಿಲ್ಲ.

ಕೊನೆಗೆ ಗೈಡ್ ಫೋನಿಗೆ ಸಿಕ್ಕರು. ಇದನ್ನು ಉಳಿಸೋಕಾಗಲ್ಲ, ನರಳಿಸುವುದು ಬೇಡ, ನೋವಿಲ್ಲದೆ ಮಲಗಿಸಿಬಿಡುತ್ತೇನೆ ಅಂದೆ. ನಾಳೆ ಬೆಳಿಗ್ಗೆ ಅದರ ರಕ್ತದ ಸ್ಯಾಂಪಲ್ ತೆಗೆಯಬೇಕು, ಅಲ್ಲಿಯವರೆಗೆ ಇರಲಿ ಅಂದರು. ಅವರು ಕೆಟ್ಟವರೇನಲ್ಲ. ಫೋನಿನಲ್ಲಿ ಅವರಿಗೆ ಕೇಳಿದ್ದು ನನ್ನ ಮಾತು ಮಾತ್ರ, ಕಣ್ಣಿಗೆ ಬಿದ್ದದ್ದು ಡೇಟಾ ಮಾತ್ರ. ಅವರನ್ನು ಒಪ್ಪಿಸಲು ಒಂದೂವರೆ ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಆ ಮೊಲ ನನ್ನ ತೊಡೆಯ ಮೇಲೆ ಹಲ್ಲು ಕಡಿಯುತ್ತಿತ್ತು. ನನ್ನ ಬ್ಯಾಗಿನಲ್ಲಿ ಔಷಧ ಇತ್ತು. ಕೊಡುವ ಅಧಿಕಾರ ನನಗಿದೆ ಅಂತ ಯಾವ ಕಾಗದದಲ್ಲೂ ಬರೆದಿರಲಿಲ್ಲ.

ಆ ದಿನದ ಮೀಟಿಂಗ್‌ನ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಏನಿತ್ತು ಗೊತ್ತಾ? 'ಪ್ರಾಣಿಗಳ ಆರೈಕೆಯಲ್ಲಿ ತೊಡಗಿರುವ ಪಶುವೈದ್ಯರು'. ಇದು ಕಾಲೇಜಿನವರು ಕಟ್ಟಿದ ಮಾತಲ್ಲ, ಕಾನೂನಿನ ಮಾತು. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದ್ದು. ಅದರ ಕೆಳಗೆ 1998ರಲ್ಲಿ ಪ್ರಾಣಿ ಪ್ರಯೋಗಗಳ ನಿಯಮಗಳು ಬಂದವು. ಸಂಸ್ಥೆಯ ಎಥಿಕ್ಸ್ ಕಮಿಟಿಯಲ್ಲಿ 8 ಜನ ಇರಬೇಕು ಅಂತ ಆ ನಿಯಮ ಹೇಳುತ್ತದೆ. ವಿಜ್ಞಾನಿಗಳು, ಅನಿಮಲ್ ಹೌಸ್ ಉಸ್ತುವಾರಿಯವರು, ಹೊರಗಿನ ಸಂಸ್ಥೆಯ ಒಬ್ಬರು, ವಿಜ್ಞಾನಿಯಲ್ಲದ ಸಾಮಾಜಿಕ ಕಳಕಳಿಯ ಒಬ್ಬರು, ಪ್ರಾಣಿ ಪ್ರಯೋಗಗಳ ಮೇಲೆ ಕಣ್ಣಿಡುವ ಕೇಂದ್ರ ಸಮಿತಿಯ ಪ್ರತಿನಿಧಿ, ಇವರ ಜೊತೆಗೆ ಪಶುವೈದ್ಯರು. ಬರೀ ಪಶುವೈದ್ಯರು ಅಂತ ಬರೆದು ಬಿಟ್ಟಿಲ್ಲ. ಆರೈಕೆಯಲ್ಲಿ ತೊಡಗಿರುವವರು ಅಂತ ಬಿಡಿಸಿ ಬರೆದಿದ್ದಾರೆ. ಮೂರು ತಿಂಗಳಿಗೊಮ್ಮೆ ಬಂದು, ಕಾಫಿ ಕುಡಿದು, ಪ್ರಯೋಗಕ್ಕೆ ಅನುಮತಿ ಕೇಳುವ ಅರ್ಜಿಯಾದ ಫಾರ್ಮ್ ಬಿ ಮೇಲೆ ಸಹಿ ಹಾಕಿ ಹೋದರೆ ಅದು ಆರೈಕೆ ಆಗುತ್ತದೆಯೇ? ಮೊದಲ ನಾಲ್ಕು ವರ್ಷ ನಾನು ಮಾಡಿದ್ದೂ ಅಷ್ಟೇ. ಆ ಮೊಲದ ಸಾವಿನಲ್ಲಿ ನನ್ನ ಪಾಲೂ ಇದೆ ಅಂತ ಈಗಲೂ ಅನಿಸುತ್ತದೆ.

ನಾನು ಸಂಶೋಧನೆಗೆ ವಿರುದ್ಧ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ನಾನು ಮಲೆನಾಡಿನವಳು. ಮಂಗನ ಕಾಯಿಲೆ ಅಂದರೆ ನಮ್ಮ ಕಡೆ ಈಗಲೂ ಎದೆ ನಡುಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಒಂದನ್ನು ಗುರುತಿಸಿದರು. ಆ ಕೆಲಸಕ್ಕೆ ಇಲಿಮರಿಗಳು ಬೇಕಾದವು. ಇನ್ನು ಹುಚ್ಚುನಾಯಿ ಕಡಿತದ ಲಸಿಕೆ. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಅಂತ ಹೆದರುತ್ತಿದ್ದ ಕಾಲ ನಮ್ಮ ತಲೆಮಾರಿಗೆ ನೆನಪಿದೆ, ಅಲ್ವಾ? ಅದನ್ನು ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದರು. ನಮ್ಮ ದೇಶದಲ್ಲಿ ಅದು ನಿಂತದ್ದು 2004ರ ಹೊತ್ತಿಗೆ. ಈಗ ಜೀವಕೋಶಗಳಲ್ಲಿ ವೈರಸ್ ಬೆಳೆಸಿ ಲಸಿಕೆ ಮಾಡುತ್ತಾರೆ. ಕಡಿಸಿಕೊಂಡವರಿಗೆ ನೋವು ಕಡಿಮೆಯಾಯಿತು, ಕುರಿಗಳೂ ಉಳಿದವು. ಪ್ರಾಣಿ ಇಲ್ಲದೆ ಆಗುವ ಕೆಲಸಕ್ಕೆ ಪ್ರಾಣಿ ಬೇಡ. ಪ್ರಾಣಿ ಬೇಕೇ ಬೇಕು ಅನ್ನುವ ಕಡೆ ಅದರ ಋಣ ನಮ್ಮ ಮೇಲಿರುತ್ತದೆ. ಆ ಋಣ ತೀರಿಸುವ ಕೆಲಸದಲ್ಲಿ ಪಶುವೈದ್ಯರು ಎಲ್ಲಿರಬೇಕು ಅನ್ನುವುದೇ ಈ ಪತ್ರದ ವಿಷಯ.

ಮೊದಲು ಪ್ರೋಟೊಕಾಲ್, ಅಂದರೆ ಪ್ರಯೋಗದ ಯೋಜನೆ, ಬರೆಯುವ ಹೊತ್ತಿನಲ್ಲಿ ಇರಬೇಕು. ಈಗ ಹೆಚ್ಚಿನ ಕಡೆ ಎಲ್ಲ ಬರೆದು ಮುಗಿದ ಮೇಲೆ ನಮ್ಮ ಕೈಗೆ ಬರುತ್ತದೆ, ಎಷ್ಟೋ ಸಲ ಮೀಟಿಂಗ್ ಟೇಬಲ್ ಮೇಲೆಯೇ. ಪಿಜಿ ವಿದ್ಯಾರ್ಥಿಗಳು ಸೀನಿಯರ್ ಥೀಸಿಸ್ ನೋಡಿ ಬರೆದಿರುತ್ತಾರೆ. ಅರಿವಳಿಕೆಗೆ ಈಥರ್ ಅಂತ ಇರುತ್ತದೆ, ಯಾಕೆಂದರೆ ಹಳೆಯ ಥೀಸಿಸ್‌ನಲ್ಲೂ ಅದೇ ಇತ್ತು. ಈಥರ್ ಪ್ರಾಣಿಯ ಶ್ವಾಸನಾಳವನ್ನು ಉರಿಸುತ್ತದೆ, ಬೆಂಕಿಯ ಅಪಾಯ ಬೇರೆ. ಆಪರೇಷನ್ ಆದ ಮೇಲೆ ನೋವಿಗೆ ಏನು ಕೊಡುತ್ತೀರಿ ಅನ್ನುವ ಜಾಗ ಖಾಲಿ ಇರುತ್ತದೆ. ಪ್ರಾಣಿ ಯಾವ ಸ್ಥಿತಿಗೆ ಬಂದರೆ ಪ್ರಯೋಗ ನಿಲ್ಲಿಸುತ್ತೀರಿ ಅನ್ನುವುದು ಇನ್ನೂ ಮುಖ್ಯ. ತೂಕ ಇಷ್ಟು ಇಳಿದರೆ, ಗಡ್ಡೆ ಇಷ್ಟು ದೊಡ್ಡದಾದರೆ, ತಿನ್ನಲು ಏಳದೇ ಹೋದರೆ ನಿಲ್ಲಿಸುತ್ತೇವೆ ಅಂತ ಮೊದಲೇ ತೀರ್ಮಾನ ಆಗಿರಬೇಕು. ಇಲ್ಲದಿದ್ದರೆ ಸಾವೇ ಆ ತೀರ್ಮಾನ ಮಾಡುತ್ತದೆ. ಎಷ್ಟು ಪ್ರಾಣಿ ಬೇಕು ಅನ್ನುವ ಲೆಕ್ಕವನ್ನೂ ಆಗಲೇ ನೋಡಬೇಕು. ಜಾಸ್ತಿ ತೆಗೆದುಕೊಂಡರೆ ತಪ್ಪು ಅಂತ ಎಲ್ಲರಿಗೂ ಗೊತ್ತು. ತೀರಾ ಕಡಿಮೆ ತೆಗೆದುಕೊಂಡರೂ ತಪ್ಪೇ. ಉತ್ತರ ಸಿಗದ ಪ್ರಯೋಗದಲ್ಲಿ ಸತ್ತ ಆರು ಇಲಿಗಳು ಸುಮ್ನೆ ಸತ್ತ ಹಾಗೆ.

ಆಮೇಲೆ ದಿನದಿನದ ಕೆಲಸ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಕಮಿಟಿ ಕೋಣೆಯಲ್ಲಿ ಯಾರಿಗೂ ಕಾಣದೇ ಹೋಗುವುದು ಇದೇ.

ಇಲಿ ನೋವನ್ನು ಮುಚ್ಚಿಡುತ್ತದೆ. ಹದ್ದು, ಹಾವು, ಬೆಕ್ಕುಗಳ ನಡುವೆ ಬದುಕಿ ಬಂದ ಜೀವ ಅದು. ಕುಂಟಿದರೆ ಮೊದಲು ಸಾಯುವುದು ತಾನೇ ಅಂತ ಅದರ ಮೈಗೆ ಗೊತ್ತು. ಸಾಲದ್ದಕ್ಕೆ ಅದು ರಾತ್ರಿ ಎಚ್ಚರ ಇರುವ ಪ್ರಾಣಿ. ನಾವು ಬೆಳಿಗ್ಗೆ ಹತ್ತಕ್ಕೆ ಹೋಗಿ, ಮಲಗಿದ ಇಲಿ ನೋಡಿ, ಎಲ್ಲ ಆರಾಮಾಗಿವೆ ಅಂತ ರಿಜಿಸ್ಟರ್‌ನಲ್ಲಿ ಬರೆಯುತ್ತೇವೆ. ಕಣ್ಣು, ಮೂಗಿನ ಸುತ್ತ ಕೆಂಪು ಕಲೆ ಕಂಡರೆ ಹೊಸಬರು ರಕ್ತ ಅಂದುಕೊಳ್ಳುತ್ತಾರೆ. ಅದು ರಕ್ತವಲ್ಲ. ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುವ ಪೊರ್ಫಿರಿನ್ ಅನ್ನುವ ಬಣ್ಣ. ಆರೋಗ್ಯವಾಗಿರುವ ಇಲಿ ಅದನ್ನು ನೆಕ್ಕಿ ಒರೆಸಿಕೊಳ್ಳುತ್ತದೆ. ಒರೆಸಿಕೊಂಡಿಲ್ಲ ಅಂದರೆ ಅದಕ್ಕೆ ಏನೋ ಆಗಿದೆ. ಇಲಿಯ ಮುಖದಲ್ಲೂ ನೋವು ಕಾಣುತ್ತದೆ. ಕಣ್ಣು ಕಿರಿದಾಗುತ್ತದೆ, ಕಿವಿ ಹಿಂದಕ್ಕೆ ತಿರುಗುತ್ತದೆ, ಮೀಸೆ ಬಿಗಿಯುತ್ತದೆ. 2010ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಇದನ್ನೆಲ್ಲ ಅಳೆದು ಸುಂಡಿಲಿಗಳ ನೋವಿಗೆ ಒಂದು ಅಳತೆಪಟ್ಟಿಯನ್ನೇ ಮಾಡಿದರು. ಮೂಕಪ್ರಾಣಿ ಅಂತೀವಿ. ನೋಡುವ ಕಣ್ಣಿದ್ದರೆ ಅವು ಅಷ್ಟೇನೂ ಮೂಕವಲ್ಲ.

ಅನಿಮಲ್ ಹೌಸ್ ಅಂದಮೇಲೆ ವಾಸನೆ ಇದ್ದದ್ದೇ ಅನ್ನುತ್ತಾರೆ. ಬಾಗಿಲಲ್ಲಿ ನಿಂತ ನಮಗೇ ಮೂಗಿಗೆ ಹೊಡೆಯುತ್ತದೆ ಅಂದರೆ, ಭತ್ತದ ಹೊಟ್ಟಿನ ಮೇಲೆಯೇ ಮೂಗಿಟ್ಟು ಮಲಗುವ ಇಲಿಯ ಗತಿ ಏನು? ಮೂತ್ರದಿಂದ ಏಳುವ ಅಮೋನಿಯಾ ಜಾಸ್ತಿಯಾದರೆ ಅವುಗಳ ಶ್ವಾಸಕೋಶದ ಸೋಂಕು ಉಲ್ಬಣಿಸುತ್ತದೆ. ಆಮೇಲೆ ಆ ಇಲಿಗಳ ಮೇಲೆ ಅಸ್ತಮಾ ಔಷಧ ಪರೀಕ್ಷೆ ಮಾಡಿದರೆ ಬರುವ ಫಲಿತಾಂಶ ಔಷಧದ್ದೋ, ಗಲೀಜಿನದ್ದೋ? ಕೋಣೆಯ ಉಷ್ಣತೆ 18ರಿಂದ 29 ಡಿಗ್ರಿ, 12 ಗಂಟೆ ಬೆಳಕು, 12 ಗಂಟೆ ಕತ್ತಲೆ ಅಂತ ಕೇಂದ್ರ ಸಮಿತಿಯ ಮಾರ್ಗಸೂಚಿಯೇ ಹೇಳುತ್ತದೆ. ರಾತ್ರಿ ಕರೆಂಟ್ ಹೋದಾಗ, ಏಪ್ರಿಲ್‌ನ ರಾಯಚೂರು, ಕಲಬುರಗಿ ಬಿಸಿಲಿನಲ್ಲಿ ಆ ಕೋಣೆ ಹೇಗಿರುತ್ತದೆ ಅಂತ ಒಮ್ಮೆ ನೋಡಿ ಬನ್ನಿ. ಹೊಸದಾಗಿ ತಂದ ಇಲಿ, ಮೊಲಗಳನ್ನು ಒಂದು ವಾರದಿಂದ ಒಂದು ತಿಂಗಳವರೆಗೆ ಬೇರೆ ಇಡಬೇಕು ಅಂತಲೂ ಅದೇ ಮಾರ್ಗಸೂಚಿಯಲ್ಲಿದೆ. ಥೀಸಿಸ್ ಕೊಡುವ ದಿನ ಹತ್ತಿರ ಬಂದಾಗ ಮೊದಲು ಕತ್ತರಿ ಬೀಳುವುದು ಈ ಕಾಯುವಿಕೆಗೆ.

ನಾನು ಅತಿ ಹೆಚ್ಚು ಕೇಳಿರುವ ಮಾತು ಒಂದಿದೆ: "ಪೇನ್‌ಕಿಲ್ಲರ್ ಕೊಟ್ರೆ ರಿಸಲ್ಟ್ ಕೆಡುತ್ತೆ ಮೇಡಂ." ಕೆಲವು ಪ್ರಯೋಗಗಳಲ್ಲಿ ಇದು ನಿಜ. ಊತದ ಮೇಲೆ ಅಧ್ಯಯನ ಮಾಡುವವರಿಗೆ ಊತ ಇಳಿಸುವ ಔಷಧ ಕೊಟ್ಟರೆ ತೊಂದರೆಯೇ. ಆದರೆ ನೋವೂ ಫಲಿತಾಂಶ ಕೆಡಿಸುತ್ತದೆ. ನೋವಿನಲ್ಲಿರುವ ಪ್ರಾಣಿ ತಿನ್ನಲ್ಲ, ನಿದ್ದೆ ಮಾಡಲ್ಲ, ಅದರ ಹಾರ್ಮೋನು ಏರುಪೇರಾಗುತ್ತದೆ, ಗಾಯ ತಡವಾಗಿ ಮಾಯುತ್ತದೆ. ಯಾವ ಔಷಧ ಯಾವ ಪ್ರಯೋಗಕ್ಕೆ ಅಡ್ಡಿ ಬರಲ್ಲ ಅಂತ ಜೊತೆಯಲ್ಲಿ ಕೂತು ಹುಡುಕಲು ನಮಗೆ ಬರುತ್ತದೆ. ಅದೇ ನಮ್ಮ ವಿದ್ಯೆ. ಇದರಲ್ಲಿ ನಿಮ್ಮಿಂದಲೇ ಆಗಬೇಕಾದ ಕೆಲಸವೂ ಒಂದಿದೆ. ದೊಡ್ಡ ಆಪರೇಷನ್ ನಂತರ ಇಲಿಗಳಿಗೆ ಬುಪ್ರಿನಾರ್ಫಿನ್ ಒಳ್ಳೆಯ ಔಷಧ. ಅದು ಮಾದಕ ವಸ್ತು ಕಾಯ್ದೆಯ ಕೆಳಗೆ ಬರುವುದರಿಂದ ತರಿಸಲು, ಇಟ್ಟುಕೊಳ್ಳಲು ಕಾಗದಪತ್ರ ಬೇಕು. ಒಬ್ಬ ವಿದ್ಯಾರ್ಥಿ ಅದರ ಹಿಂದೆ ಓಡಾಡಲು ಆಗಲ್ಲ. ವಿಶ್ವವಿದ್ಯಾಲಯವೇ ಮುಂದೆ ನಿಂತು ವ್ಯವಸ್ಥೆ ಮಾಡಿದರೆ ಎಷ್ಟೋ ಕಾಲೇಜುಗಳಿಗೆ ದಾರಿಯಾಗುತ್ತದೆ.

ಲ್ಯಾಬಿನಲ್ಲಿ ಕೊಲ್ಲುವುದಕ್ಕೆ 'ಸ್ಯಾಕ್ರಿಫೈಸ್' ಅನ್ನುತ್ತಾರೆ. ಬಲಿ ಅಂತ ಅರ್ಥ. ಒಂದು ಕಾಲೇಜಿನಲ್ಲಿ ಎಂಫಾರ್ಮ ಹುಡುಗಿಯೊಬ್ಬಳು ಮೆಟ್ಟಿಲ ಮೇಲೆ ಅಳುತ್ತಾ ಕೂತಿದ್ದಳು. ಅವತ್ತು ಅವಳು 24 ಇಲಿಗಳನ್ನು ಸ್ಯಾಕ್ರಿಫೈಸ್ ಮಾಡಬೇಕಿತ್ತು. ಹೇಗೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ, ವಿಡಿಯೋ ನೋಡಿಕೊಂಡು ಬಂದಿದ್ದಳು. ಮೊದಲ ಇಲಿ ಒಂದೇ ಸಲಕ್ಕೆ ಹೋಗಲಿಲ್ಲ. "ಮೇಡಂ, ಅದು ನನ್ನನ್ನೇ ನೋಡ್ತಿತ್ತು" ಅಂದಳು. ನಾನು ಜೊತೆಗೆ ಹೋದೆ. ಅರಿವಳಿಕೆಯ ಡೋಸ್ ಲೆಕ್ಕ ಹಾಕಿಸಿದೆ, ಹಿಡಿಯುವುದು ತೋರಿಸಿದೆ, ಪ್ರಜ್ಞೆ ಪೂರ್ತಿ ಹೋಗಿದೆ ಅಂತ ಕಾಲ್ಬೆರಳು ಒತ್ತಿ ನೋಡುವುದು ಹೇಳಿಕೊಟ್ಟೆ. ಬೇರೆ ಇಲಿಗಳಿಗೆ ಕಾಣದ ಕಡೆ ಮಾಡಬೇಕು ಅಂದೆ. ಸಂಜೆ ಹೊತ್ತಿಗೆ ಅವಳ ಕೈ ನಡುಗುವುದು ನಿಂತಿತು. ಪ್ರಾಣಿಗೆ ನೋವಾಗದ ಹಾಗೆ ನೋಡಿಕೊಂಡರೆ ಆ ಮಕ್ಕಳ ಮನಸ್ಸನ್ನೂ ಕಾಪಾಡಿದ ಹಾಗೆ. ಬರೀ ಕೈ ಪಳಗಲಿ ಅಂತಲೇ ಪ್ರಾಣಿಗಳ ಮೇಲೆ ಆದಷ್ಟೂ ಪ್ರಯೋಗ ಮಾಡಬಾರದು ಅಂತ 1960ರ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಹಾಗಿದ್ದ ಮೇಲೆ ಮೊದಲು ಮಾದರಿ ಗೊಂಬೆಗಳ ಮೇಲೆ ಕಲಿಸಿ, ಆಮೇಲೆ ಬಲ್ಲವರು ಪಕ್ಕದಲ್ಲಿ ನಿಂತು ಮಾಡಿಸಬೇಕಾದದ್ದು ಕಾಲೇಜಿನ ಜವಾಬ್ದಾರಿ.

ಈಗ ಅಧಿಕಾರದ ಮಾತಿಗೆ ಬರುತ್ತೇನೆ. ಆ ಒಂದೂವರೆ ಗಂಟೆಯ ಮಾತಿಗೆ.

1981ರಲ್ಲಿ ಅಮೆರಿಕದ ಸಿಲ್ವರ್ ಸ್ಪ್ರಿಂಗ್‌ನ ಒಂದು ಲ್ಯಾಬಿನಿಂದ ಪೊಲೀಸರು 17 ಮಂಗಗಳನ್ನು ವಶಕ್ಕೆ ತೆಗೆದುಕೊಂಡರು. ನರ ಕತ್ತರಿಸಿದ್ದರಿಂದ ಕೈಯಲ್ಲಿ ಸ್ಪರ್ಶ ಇಲ್ಲದ ಮಂಗಗಳು ತಮ್ಮ ಬೆರಳನ್ನೇ ಕಚ್ಚಿ ಗಾಯ ಮಾಡಿಕೊಂಡಿದ್ದವು. ಮೊದಲ ಕೋರ್ಟಿನಲ್ಲಿ ಸಂಶೋಧಕರಿಗೆ ಶಿಕ್ಷೆಯಾದದ್ದು, ಸರಿಯಾದ ಪಶುವೈದ್ಯ ಆರೈಕೆ ಕೊಡಿಸಲಿಲ್ಲ ಅನ್ನುವುದಕ್ಕೆ. ಶಿಕ್ಷೆಯೇನೋ ಮೇಲಿನ ಕೋರ್ಟಿನಲ್ಲಿ ಬಿದ್ದುಹೋಯಿತು. ಅದೇ ಸಂಶೋಧನೆಯ ದಾರಿಯಲ್ಲಿ ಮುಂದೆ ಲಕ್ವ ಹೊಡೆದವರಿಗೆ ಉಪಯೋಗವಾಗುವ ಚಿಕಿತ್ಸೆಯೂ ಬಂತು. ನನಗೆ ಈ ಕಥೆ ಕಾಡುವುದು ಇದಕ್ಕೇ. ಒಳ್ಳೆಯ ವಿಜ್ಞಾನವೂ, ಮಾಯದೇ ಬಿಟ್ಟ ಗಾಯವೂ ಒಂದೇ ಕೋಣೆಯಲ್ಲಿ ಇರಬಹುದು. 1985ರಲ್ಲಿ ಅಲ್ಲಿನ ಕಾನೂನಿಗೆ ತಿದ್ದುಪಡಿಯಾಯಿತು. ಪಶುವೈದ್ಯರಿಗೆ ಆರೈಕೆ ಮಾಡಿಸಲು ತಕ್ಕ ಅಧಿಕಾರವನ್ನು ಸಂಸ್ಥೆ ಕೊಡಲೇಬೇಕು ಅಂತ ಈಗ ಅಲ್ಲಿನ ನಿಯಮದಲ್ಲೇ ಇದೆ.

ನಮ್ಮಲ್ಲಿ? ಕೇಂದ್ರ ಸಮಿತಿಯನ್ನು ಹಿಂದೆ ಸಿಪಿಸಿಎಸ್‌ಇಎ ಅನ್ನುತ್ತಿದ್ದೆವು, ಈಗ ಸಿಸಿಎಸ್‌ಇಎ. ಅದರ ಮಾರ್ಗಸೂಚಿಯಲ್ಲಿ ಆರೈಕೆ ಪಶುವೈದ್ಯರ ಹೊಣೆ, 'ಅಥವಾ' ಲ್ಯಾಬ್ ಪ್ರಾಣಿಗಳ ವಿಷಯದಲ್ಲಿ ತರಬೇತಿ ಇಲ್ಲವೇ ಅನುಭವ ಇರುವವರ ಹೊಣೆ ಅಂತ ಇತ್ತು. ಆ ಒಂದು 'ಅಥವಾ' ಹಿಡಿದುಕೊಂಡು ಪಶುವೈದ್ಯರೇ ಬೇಡ ಅನ್ನುವವರನ್ನು ನಾನು ನೋಡಿದ್ದೇನೆ. ಆದರೆ ಅದೇ ಕಡೆ ಇನ್ನೊಂದು ಮಾತೂ ಇದೆ. ದಿನಾ ನೋಡಿಕೊಳ್ಳುವವರು ಬೇರೆಯವರಾದರೆ, ಅವರಿಂದ ಪಶುವೈದ್ಯರಿಗೆ ನೇರವಾಗಿ, ಆಗಾಗ ಸುದ್ದಿ ಮುಟ್ಟುವ ವ್ಯವಸ್ಥೆ ಇರಬೇಕು. ಆ ಅಟೆಂಡರ್‌ಗೆ ಶನಿವಾರ ಬೇಕಾಗಿದ್ದದ್ದು ಇದು.

ಅದಕ್ಕೇ ಕೇಳುತ್ತೇನೆ. ನಿಮ್ಮ ಸಹಿಯಿರುವ ಒಂದು ಆದೇಶ ಹೊರಡಿಸಿ. ಪ್ರಾಣಿ ನರಳುತ್ತಿದ್ದರೆ ಚಿಕಿತ್ಸೆ ಕೊಡಲು, ಪ್ರಯೋಗ ತಡೆಹಿಡಿಯಲು, ಉಳಿಯುವ ಹಾಗಿಲ್ಲದಿದ್ದರೆ ನೋವಿಲ್ಲದೆ ಕಣ್ಣು ಮುಚ್ಚಿಸಲು ಪಶುವೈದ್ಯರಿಗೆ ಅಧಿಕಾರ ಇದೆ ಅಂತ ಅದರಲ್ಲಿ ಬರೆಯಿರಿ. ಸಂಶೋಧಕರಿಗೆ ತಿಳಿಸುತ್ತೇವೆ, ಮಾತಾಡುತ್ತೇವೆ. ಅವರು ಸಿಗದೇ ಹೋದರೆ, ಒಪ್ಪದೇ ಹೋದರೆ ಕೊನೆಯ ಮಾತು ಪ್ರಾಣಿಯನ್ನು ಕಣ್ಣಾರೆ ನೋಡಿದವರದ್ದಾಗಲಿ. ಪ್ರಯೋಗ ಮಾಡುವ ವಿಭಾಗದ ಮುಖ್ಯಸ್ಥರ ಕೆಳಗೆ ಪಶುವೈದ್ಯರನ್ನು ಇಡಬೇಡಿ. ಸಂಬಳ ಕೊಡುವ, ಗುತ್ತಿಗೆ ಮುಂದುವರಿಸುವ ಕೈಯ ವಿರುದ್ಧ 'ನಿಲ್ಲಿಸಿ' ಅನ್ನಲು ಎಷ್ಟು ಜನರಿಗೆ ಧೈರ್ಯ ಬಂದೀತು? ನೇರವಾಗಿ ಪ್ರಾಂಶುಪಾಲರಿಗೋ, ನಿಮಗೋ ವರದಿ ಕೊಡುವ ಹಾಗಿರಲಿ. ಪ್ರೋಟೊಕಾಲ್ ಮೀಟಿಂಗ್‌ಗೆ ಎರಡು ವಾರ ಮುಂಚೆ ನಮ್ಮ ಕೈ ಸೇರಲಿ.

ದುಡ್ಡು ಎಲ್ಲಿದೆ ಅಂತ ನೀವು ಕೇಳಬಹುದು, ನ್ಯಾಯವೇ. 50 ಇಲಿ ಇರುವ ಕಾಲೇಜಿಗೆ ಪೂರ್ಣಾವಧಿ ಪಶುವೈದ್ಯರು ಬೇಕಿಲ್ಲ. ಒಂದೇ ಊರಿನ ನಾಲ್ಕೈದು ಕಾಲೇಜು ಸೇರಿ ಒಬ್ಬರನ್ನು ಇಟ್ಟುಕೊಳ್ಳಬಹುದು. ವಾರಕ್ಕೆರಡು ಸಲ ಸುತ್ತು, ಉಳಿದ ಹೊತ್ತು ಫೋನು. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದಲ್ಲಿ ಪಶುವೈದ್ಯ ಕಾಲೇಜುಗಳಿವೆ. ಅವುಗಳ ಜೊತೆ ಒಪ್ಪಂದ ಮಾಡಿಕೊಂಡರೆ ಅಲ್ಲಿನ ಮಕ್ಕಳಿಗೂ ಕಲಿಯಲು ಜಾಗ ಸಿಗುತ್ತದೆ. ಇದರ ಅಗತ್ಯ ಖಂಡಿತ ಇದೆ. ನಾನು ಓದುವಾಗ ಹಸು, ಎಮ್ಮೆ, ಕುರಿಗಳ ಬಗ್ಗೆ ಕಲಿತದ್ದರ ಹತ್ತರಲ್ಲೊಂದು ಪಾಲೂ ಇಲಿಯ ಬಗ್ಗೆ ಕಲಿಯಲಿಲ್ಲ. ಇಲಿಗೆ ಅರಿವಳಿಕೆ ಕೊಟ್ಟ ಮೇಲೆ ಮೈ ಬೆಚ್ಚಗಿಡದಿದ್ದರೆ ಆ ಪುಟ್ಟ ದೇಹ ಬೇಗ ತಣ್ಣಗಾಗಿ ಸಾಯುತ್ತದೆ ಅಂತ ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೇಲೆ. ಪಶುವೈದ್ಯರಾದ ನಾವೂ ಈ ಕೆಲಸವನ್ನು ಸೈಡ್ ಡ್ಯೂಟಿ ಅಂತ ನೋಡುವುದು ಬಿಡಬೇಕು.

ಅಟೆಂಡರ್‌ಗಳ ವಿಷಯ ಯಾವ ಮೀಟಿಂಗ್‌ನಲ್ಲೂ ಬರಲ್ಲ, ಅದಕ್ಕೆ ಇಲ್ಲಿ ಬರೆಯುತ್ತೇನೆ. ಹೆಚ್ಚಿನವರು ಗುತ್ತಿಗೆಯವರು. ಇಲಿ ಕಚ್ಚುತ್ತದೆ, ಹೊಟ್ಟಿನ ಧೂಳು, ಕೂದಲಿಗೆ ಅಲರ್ಜಿ ಬರುತ್ತದೆ. ಒಳ್ಳೆಯ ಗ್ಲೌಸ್, ಮಾಸ್ಕ್, ಟಿಟಿ ಇಂಜೆಕ್ಷನ್, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ, ಇಷ್ಟನ್ನಾದರೂ ಮಾಡಿಸಿ. ಯಾವ ಪಂಜರದ ಇಲಿ ನಿನ್ನೆ ಕಡಿಮೆ ತಿಂದಿತು ಅಂತ ಹೇಳಬಲ್ಲವರು ಅವರೊಬ್ಬರೇ.

ಪ್ರಯೋಗ ಮುಗಿದ ಮೇಲೂ ಜೀವ ಉಳಿದಿರುವ ಪ್ರಾಣಿಗಳಿರುತ್ತವೆ. ಅವುಗಳಿಗೆ ನೆಲೆ ಕಲ್ಪಿಸುವುದೂ, ಅದರ ಖರ್ಚೂ ಸಂಸ್ಥೆಯದ್ದೇ ಅನ್ನುವುದು ನಮ್ಮ ದೇಶದ ನೀತಿ. ಬೆಂಗಳೂರಿನಲ್ಲಿ ಪ್ರಾಣಿ ರಕ್ಷಣೆಯ ಕೆಲಸ ಮಾಡುವ ಕ್ಯೂಪಾ ಸಂಸ್ಥೆಯವರು ಲ್ಯಾಬ್‌ಗಳಿಂದ ಬಿಡುಗಡೆಯಾದ ಬೀಗಲ್ ನಾಯಿಗಳಿಗೆ ಮನೆ ಹುಡುಕಿಕೊಟ್ಟಿದ್ದಾರೆ. ಲ್ಯಾಬಿನಿಂದ ಬಂದ ಅಂಥ ನಾಯಿಯೊಂದು ನನ್ನ ಕ್ಲಿನಿಕ್‌ಗೂ ಬರುತ್ತದೆ. ಕಿವಿಯೊಳಗೆ ಹಚ್ಚೆ ಹಾಕಿದ ನಂಬರ್ ಇದೆ. ಈಗ ಅದಕ್ಕೊಂದು ಹೆಸರೂ ಇದೆ.

ಆ ಕಾಲೇಜಿನ ಅಟೆಂಡರ್ ಈಗ ನನ್ನ ನಂಬರನ್ನು ಪಂಜರಗಳ ಎದುರಿನ ಗೋಡೆಯ ಮೇಲೆ ಮಾರ್ಕರ್‌ನಲ್ಲಿ ದಪ್ಪಗೆ ಬರೆದಿಟ್ಟಿದ್ದಾರೆ. ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಫೋನ್ ಬಂತು. "ಮೇಡಂ, ಏಳನೇ ಪಂಜರದ ಮೊಲ ರಾತ್ರಿಯಿಂದ ಹುಲ್ಲು ಮುಟ್ಟಿಲ್ಲ." ಎಂಟಕ್ಕೆ ಅಲ್ಲಿದ್ದೆ. ಸಲೈನ್ ಕೊಟ್ಟೆ, ನೋವಿನ ಔಷಧ ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಟ್ರೇಯಲ್ಲಿ ನಾಲ್ಕು ಹಿಕ್ಕೆ ಬಿದ್ದಿದ್ದವು. ಅಟೆಂಡರ್ ಅದರ ಫೋಟೊ ತೆಗೆದು ವಿದ್ಯಾರ್ಥಿಗೆ, ಗೈಡ್‌ಗೆ ಇಬ್ಬರಿಗೂ ಕಳಿಸಿದರು.

ನಿಮ್ಮ ಕಾಲೇಜುಗಳ ಗೋಡೆಗಳ ಮೇಲೂ ಈ ಸೆಮಿಸ್ಟರ್ ಮುಗಿಯುವುದರೊಳಗೆ ಒಬ್ಬ ಪಶುವೈದ್ಯರ ನಂಬರ್ ಇರಲಿ. ಆದೇಶದ ಕರಡು ಬರೆಯಲು ಸಹಾಯ ಬೇಕಿದ್ದರೆ ಕರೆಯಿರಿ, ಬರುತ್ತೇನೆ.

ಇಂತಿ,
ನಿಮ್ಮ ಕಮಿಟಿಗಳಲ್ಲಿ ಹೆಸರಿರುವ ಒಬ್ಬ ಪಶುವೈದ್ಯೆ